ಹೊನ್ನಗಂಗಯ್ಯನವರ ಸೆಲ್ಲು

ಯಾವ ಸಾಮಾನಿಗೆ ಯಾವ ಸೆಲ್ಲು ಹಾಕಬೇಕು ಎಂದು ನನ್ನನ್ನು ಕೇಳದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ತರಕಾರಿ ಗಾಡಿಯ ಹತ್ತಿರ ಕೇಳುತ್ತಾರೆ, ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗ ಕೇಳುತ್ತಾರೆ. ಒಂದು ಸಲ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ, "ಮೇಡಂ, ನಮ್ಮನೆ ತೂಕದ ಮಶೀನಿಗೆ ಯಾವುದು ಒಳ್ಳೇದು?" ಎಂದರು. ನಾನು ತುಮಕೂರಿನಾಚೆ ಲಿಥಿಯಂ ಸೆಲ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ನಿಜ. ಹಾಗಂತ ನನಗೆ ಎಲ್ಲ ಗೊತ್ತು ಎಂದು ಯಾರು ಹೇಳಿದರೋ ಕಾಣೆ.

ಈ ಪ್ರಶ್ನೆ ಇನ್ನು ಮುಂದೆ ಯಾರೂ ಕೇಳುವ ಹಾಗಿಲ್ಲ ಎಂದುಕೊಂಡೇ ನಾವು 'ಅಭ್ಯಾಸ ಸೆಲ್' ತಯಾರಿಸಿದ್ದು. ಮೊದಲಾದರೆ ಗಡಿಯಾರಕ್ಕೊಂದು ಅಳತೆ, ರಿಮೋಟಿಗೊಂದು, ಟಾರ್ಚಿಗೊಂದು. ಅಂಗಡಿಯವನು ಕೊಟ್ಟಿದ್ದೇ ಪ್ರಸಾದ. ಅಭ್ಯಾಸ ಸೆಲ್ ಎಲ್ಲಕ್ಕೂ ಒಂದೇ, ಹುಣಸೆ ಬೀಜದಷ್ಟು. ಸಣ್ಣ ಸಾಮಾನಿಗೆ ಒಂದು, ದೊಡ್ಡದಕ್ಕೆ ಸಾಲಾಗಿ ಜೋಡಿಸಿದರಾಯಿತು. ಒಳಗೆ ಲಿಥಿಯಂ, ಮೇಲಿನ ಟೋಪಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಚಿಪ್. ತಾನಿರುವ ಸಾಧನ ಯಾವಾಗ, ಎಷ್ಟು ಕರೆಂಟು ಎಳೆಯುತ್ತದೆ ಎಂದು ಆ ಚಿಪ್ ನೋಡುತ್ತಾ ನೋಡುತ್ತಾ ಕಲಿಯುತ್ತದೆ. ಗಡಿಯಾರದಲ್ಲಿದ್ದರೆ ಸೆಕೆಂಡಿಗೊಂದು ಗುಟುಕು ಕೊಡುತ್ತದೆ. ಟಾರ್ಚಿನಲ್ಲಿದ್ದರೆ ಒಂದೇ ಸಮನೆ ಹರಿಸುತ್ತದೆ. ಸೊಳ್ಳೆ ಬ್ಯಾಟಿನಲ್ಲಿದ್ದರೆ ಗುಂಡಿ ಒತ್ತಿದ ಕೂಡಲೇ ಇದ್ದದ್ದೆಲ್ಲ ಸುರಿಯುತ್ತದೆ. ಕೇಳುವ ಮೊದಲೇ ತಯಾರಾಗಿ ನಿಲ್ಲುವುದರಿಂದ ಸವೆತ ಕಡಿಮೆ, ಬಾಳಿಕೆ ವರ್ಷಗಟ್ಟಲೆ. ನಾವು ಅದನ್ನು ಬೆಂಕಿಗೆ ಹಿಡಿದು ನೋಡಿದೆವು, ಹೆಪ್ಪುಗಟ್ಟಿಸಿ ನೋಡಿದೆವು, ಮೊಳೆ ಹೊಡೆದು ನೋಡಿದೆವು. ಆಯುಧಪೂಜೆ ಮಾಡಿ ಮಾತ್ರ ನೋಡಿರಲಿಲ್ಲ.

ನಮ್ಮ ಅತ್ತೆ ಸಿದ್ದಗಂಗಮ್ಮನವರದು ಎಲ್ಲದರಲ್ಲೂ ಅಚ್ಚುಕಟ್ಟು. ಆ ವರ್ಷ ಹಬ್ಬದ ದಿನ ನಾನು ಸ್ಕೂಟರು ತೊಳೆದು ಒಳಗೆ ಬರುವಷ್ಟರಲ್ಲಿ ಮನೆಯ ಸಾಮಾನುಗಳೆಲ್ಲ ಹಾಲಿನಲ್ಲಿ ಸಾಲಾಗಿ ಕೂತಿದ್ದವು. ರಿಮೋಟು, ಟಾರ್ಚು, ಗಡಿಯಾರ, ಕಾಲಿಂಗ್ ಬೆಲ್ಲು, ಬಿ.ಪಿ. ಮಶೀನು, ಸೊಳ್ಳೆ ಬ್ಯಾಟು, ಎಲ್ಲದರ ಹೊಟ್ಟೆಯೂ ತೆರೆದಿತ್ತು. ಒಳಗಿನ ಸೆಲ್ಲುಗಳೆಲ್ಲ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹೂವಿನ ಕೆಳಗೆ ಮಲಗಿದ್ದವು.

"ಅಯ್ಯೋ ಅತ್ತೆ, ಇದೇನಿದು?"

"ಸಾಮಾನಿಗೆಲ್ಲ ಪೂಜೆ ಮಾಡಿ ಅದ್ರ ಜೀವಕ್ಕೆ ಮಾಡ್ದಿದ್ರೆ ಹೆಂಗಮ್ಮ? ಬೀದೀಲಿ ಎಲ್ರೂ ಹಿಂಗೇ ಮಾಡ್ತಾವ್ರೆ. ಹೋದ್ ವರ್ಷನೂ ಮಾಡಿದ್ವಲ್ಲ, ಏನಾಯ್ತು?"

ಹೋದ ವರ್ಷ ಸೆಲ್ಲುಗಳು ಹೊಸವು. ಏನನ್ನೂ ಇನ್ನೂ ಸರಿಯಾಗಿ ಕಲಿತಿರಲಿಲ್ಲ. ಅದನ್ನು ನಾನಾದರೂ ಆ ಹೊತ್ತಿನಲ್ಲಿ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಮಂಗಳಾರತಿ ತೆಗೆದುಕೊಂಡು ಒಬ್ಬಟ್ಟು ತಿಂದೆ. ಅತ್ತೆ ಸೆಲ್ಲುಗಳನ್ನು ಸೆರಗಿನಿಂದ ಒರೆಸಿ, ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಹಾಕಿ ಮುಚ್ಚಿದರು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಯಾವುದು ಯಾವುದರದ್ದು ಎಂದು ಬ್ರಹ್ಮನಿಗೂ ಗೊತ್ತಾಗುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಶುರುವಾಯಿತು ನೋಡಿ. ಗಡಿಯಾರ ಸುಮ್ಮನೆ ನಿಂತಿರುತ್ತಿತ್ತು, ಧಾರಾವಾಹಿಯ ಹೊತ್ತಾಗುತ್ತಲೇ ದಡಬಡ ಓಡುತ್ತಿತ್ತು. ಅದರೊಳಗೆ ರಿಮೋಟಿನ ಸೆಲ್ಲು ಸೇರಿತ್ತು ಎಂದು ಕಾಣುತ್ತದೆ. ಟಾರ್ಚು ಟಿಕ್ ಟಿಕ್ ಎಂದು ಕಣ್ಣು ಮಿಟುಕಿಸುತ್ತಿತ್ತು. ಬೆಲ್ ಒತ್ತಿದ ಹಾಲಿನವನು ಅದರ ಅಬ್ಬರಕ್ಕೆ ಹಾರಿಬಿದ್ದು, "ಅಕ್ಕಾ, ಇದೇನು ಬೆಲ್ಲೋ ಬಾಂಬೋ!" ಎಂದು ಬೈದುಕೊಂಡು ಹೋದ. ನನ್ನ ಗಂಡ ಯೋಗೀಶ ಬಿ.ಪಿ. ನೋಡಿಕೊಂಡು, ತಾನು ಬದುಕಿರುವುದೇ ಸುಳ್ಳು ಎನ್ನುವ ಅಂಕಿ ಕಂಡು ಸೋಫಾದ ಮೇಲೆ ಕುಸಿದ. ನಾನು ನಗುತ್ತಿದ್ದೆ. ಅಷ್ಟರಲ್ಲಿ ಮಾವ ರೂಮಿನಿಂದ ಬಂದು ಬಾಯಿ ತೆರೆದರು.

ಮಾವನ ವಿಷಯ ಹೇಳಬೇಕು. ಹೊನ್ನಗಂಗಯ್ಯ ಎಂದರೆ ಪಾವಗಡ ಲೈನಿನಲ್ಲಿ ಈಗಲೂ ಗೊತ್ತು. ಜೀವಮಾನವೆಲ್ಲ ಆ ದಾರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. "ಕೊರಟಗೆರೆ, ಮಧುಗಿರಿ, ಪಾವಗ್ಡಾ!" ಎಂದು ಅವರು ಕೂಗಿದರೆ ಹೋಟೆಲಿನಲ್ಲಿ ಕೈ ತೊಳೆಯುತ್ತಿದ್ದವರು ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದರಂತೆ. ಎರಡು ವರ್ಷದ ಹಿಂದೆ ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟರು. ಅದು ಹೊರಡಿಸುವುದು ಬರೀ ಝೀ ಎನ್ನುವ ಏಕತಾನದ ಸದ್ದು. ತುಟಿ ನಾಲಿಗೆಯಿಂದ ಅದನ್ನೇ ಮಾತು ಮಾಡಿಕೊಳ್ಳಬೇಕು. ಹೋದ ವರ್ಷದ ಹಬ್ಬ ಕಳೆದ ಮೇಲೆ ನಾನೇ ಅದಕ್ಕೊಂದು ಅಭ್ಯಾಸ ಸೆಲ್ ಹಾಕಿಕೊಟ್ಟೆ. ಟಿಕೆಟ್ ಹರಿದು ಹರಿದು ಪಳಗಿದ ಹೆಬ್ಬೆರಳು ಅವರದು. ಎಲ್ಲಿ ಒತ್ತು ಕೊಡಬೇಕೋ ಅಲ್ಲಿ ಗುಂಡಿಯನ್ನು ಗಟ್ಟಿಯಾಗಿ, ಎಲ್ಲಿ ಇಳಿಸಬೇಕೋ ಅಲ್ಲಿ ಹಗುರಾಗಿ ಒತ್ತುತ್ತಿದ್ದರು. ಸೆಲ್ಲು ಆ ಹೆಬ್ಬೆರಳನ್ನು ಕಲಿಯಿತು. ತಿಂಗಳುಗಳು ಕಳೆಯುತ್ತಾ ಯಂತ್ರದಿಂದ ನಮ್ಮ ಮಾವನೇ ಮಾತಾಡತೊಡಗಿದರು. ಅದೇ ಏರು, ಅದೇ ಇಳಿತ, ಅದೇ ಕೊಂಕು. ಕೊನೆಗೆ ಡಿಪೋದವರು ಕೂಡ, ಬಸ್ಸಿನಲ್ಲಿ ಊರುಗಳ ಹೆಸರು ಹೇಳುವುದಕ್ಕೆ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಹಬ್ಬ ಮುಗಿದ ಮೇಲೆ ಬನ್ನಿ ಎಂದು ಹೇಳಿಕಳಿಸಿದ್ದರು. ಮಾವ ಹೊಸ ಪಂಚೆ ತೆಗೆದಿಟ್ಟುಕೊಂಡು ಕಾಯುತ್ತಿದ್ದರು.

ಅವತ್ತು ಬೆಳಿಗ್ಗೆ ಅವರ ಗಂಟಲಿನಿಂದ ಬಂದದ್ದು, "ಕಾ... ಫಿ... ಕೊ... ಡ..." ಎಂದು ತುಂಡು ತುಂಡಾದ ಸದ್ದು. ಮುಂದಿನದು ಗುರುಗುಟ್ಟುವಿಕೆಯಲ್ಲಿ ಮುಳುಗಿಹೋಯಿತು. ಮಾವ ಯಂತ್ರವನ್ನು ತಿರುಗಿಸಿ ನೋಡಿದರು, ಕೈಗೆ ಬಡಿದರು, ಮತ್ತೆ ಒತ್ತಿಕೊಂಡರು. ಮತ್ತೂ ಅದೇ. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅತ್ತೆ ಮಾತ್ರ ಆರಾಮವಾಗಿ, "ತತ್ತೀನಿ ತಡೀರಿ, ಬಿಸಿ ಮಾಡ್ತಾ ಇವ್ನಿ" ಎಂದು ಅಡುಗೆಮನೆಯಿಂದಲೇ ಉತ್ತರ ಕೊಟ್ಟರು.

ಲ್ಯಾಬಿಗೆ ಹೋದರೆ ಅಲ್ಲಿ ಜಾತ್ರೆ. ದೂರು ಕೇಳುವ ಕೋಣೆಯ ಫೋನುಗಳು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು ಇನಾಯತುಲ್ಲಾ ಸಾರ್. ಯಾವತ್ತೂ ದನಿ ಎತ್ತದ ಮನುಷ್ಯ ಅವತ್ತು ತಲೆ ಹಿಡಿದುಕೊಂಡು ಕೂತಿದ್ದರು.

"ಪಂಕಜಾ ಅವರೇ, ಇಡೀ ಜಿಲ್ಲೆಯ ಸೆಲ್ಲಿಗೆ ಒಂದೇ ದಿನ ಏನಾಯ್ತು ರೀ? ಒಬ್ಬರ ಗಡ್ಡದ ಮಶೀನು ಅರ್ಧ ಕೆನ್ನೆಗೇ ನಿಲ್ಲುತ್ತಂತೆ. ಇನ್ನೊಬ್ಬರ ಮನೇಲಿ ತೂಕದ ಮಶೀನು ಹತ್ತಿದವರನ್ನೆಲ್ಲ ಒಂದೇ ತೂಕ ಅನ್ನುತ್ತಂತೆ. ವೈರಸ್ಸಾ? ಯಾರಾದ್ರೂ ಬೇಕಂತಲೇ ಮಾಡಿದ್ರಾ?"

"ಪೂಜೆ ಸಾರ್."

"ಏನು?"

ತಟ್ಟೆ, ಕುಂಕುಮ, ಸೇವಂತಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆಯಿಂದ ಕೈ ತೆಗೆದರು. "ನಮ್ಮನೇಲೂ ನಿನ್ನೆ ಬಾಡಿಗೆಯವರ ಹತ್ರ ಕೊಟ್ಟು ನಮ್ಮ ಬೇಗಂ ಒಂದಷ್ಟು ಸೆಲ್ಲು ಪೂಜೆ ಮಾಡಿಸ್ಕೊಂಡು ಬಂದಳು. ಹೆಚ್ಚು ದಿನ ಬರಲಿ ಅಂತ" ಎಂದರು. ಆಮೇಲೆ ಇಬ್ಬರೂ ಸೆಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು.

ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮಾಡಿ ಒಂದು ಉತ್ತರ ಸಿಕ್ಕಿತು. ಹೊಸ ಸಾಧನಕ್ಕೆ ಸೇರಿದ ಸೆಲ್ಲು ಹಳೆಯ ಅಭ್ಯಾಸವನ್ನು ದಿನದಿನಕ್ಕೂ ಮರೆಯುತ್ತಾ ಹೊಸದನ್ನು ಕಲಿಯುತ್ತದೆ. ಎರಡು ವಾರ ಸುಮ್ಮನಿದ್ದರೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ. ನಡುವೆ ಮತ್ತೆ ಮತ್ತೆ ಬದಲಾಯಿಸಿದರೆ ಮಾತ್ರ ಅದೂ ಇಲ್ಲ ಇದೂ ಇಲ್ಲ ಎಂದಾಗುತ್ತದೆ. ಪ್ರಕಟಣೆ ಬರೆಯುವ ಕೆಲಸ ನನಗೇ ಬಂತು. 'ಗಾಬರಿಪಡಬೇಡಿ, ಯಾವ ಸೆಲ್ಲನ್ನೂ ಮುಟ್ಟಬೇಡಿ, ಎರಡು ವಾರದಲ್ಲಿ ಅವು ಹಳೆಯದನ್ನು ಮರೆಯುತ್ತವೆ' ಎಂದು ಬರೆದೆ. ಬರೆದ ಮೇಲೆ ಆ ಕೊನೆಯ ಮಾತನ್ನು ನಾನೇ ಓದಿಕೊಂಡೆ. ಊರಿಗೆಲ್ಲ ಮದ್ದಾದದ್ದು ನಮ್ಮ ಮನೆಗೆ ವಿಷ. ಮಾವನ ಸೆಲ್ಲು ಈಗ ಯಾವ ಸಾಮಾನಿನಲ್ಲಿ ಕೂತು ಮಾವನನ್ನು ಮರೆಯುತ್ತಿದೆಯೋ!

ಹೊಸ ಸೆಲ್ಲು ಹಾಕಿ ಮತ್ತೆ ಕಲಿಸಬಹುದಲ್ಲ ಎಂದು ನೀವು ಕೇಳಬಹುದು. ಆ ಹೆಬ್ಬೆರಳಿಗೆ ಈಗ ನಡುಕ ಬಂದಿದೆ. ಹೊಸ ಸೆಲ್ಲು ಕಲಿತರೆ ನಡುಕವನ್ನೇ ಕಲಿಯುತ್ತದೆ.

ಸಂಜೆ ಮನೆಗೆ ಬಂದವಳೇ, ಊರಿಗೆಲ್ಲ ಮುಟ್ಟಬೇಡಿ ಎಂದು ಬರೆದ ಕೈಯಿಂದಲೇ ಮನೆಯ ಸಾಮಾನುಗಳನ್ನೆಲ್ಲ ಬಿಚ್ಚಿದೆ. ಯೋಗೀಶ ಒಂದೊಂದೇ ಸೆಲ್ಲು ತೆಗೆದುಕೊಡುವುದು, ನಾನು ಮಾವನ ಯಂತ್ರಕ್ಕೆ ಹಾಕುವುದು, ಮಾವ "ಮಧುಗಿರಿ" ಎನ್ನುವುದು. ಟಾರ್ಚಿನ ಸೆಲ್ಲಿಗೆ ಒಂದೊಂದೇ ಅಕ್ಷರವಾಗಿ ಕತ್ತರಿಸಿ ಬಂತು. ರಿಮೋಟಿನದಕ್ಕೆ "ಮ" ಎಂದು ನಿಂತುಹೋಯಿತು. ಬೆಲ್ಲಿನದು ಹಾಕಿದಾಗ ಬಂದ ಚೀತ್ಕಾರಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಒಂದರಲ್ಲೂ ಮಾವ ಇರಲಿಲ್ಲ. ತಿರುಗಿ ಮೊದಲಿನಿಂದ ಶುರುಮಾಡಿದೆವು. ಅಷ್ಟು ಹೊತ್ತಿಗೆ ಯಾವುದನ್ನು ನೋಡಿಯಾಗಿದೆ, ಯಾವುದನ್ನು ನೋಡಿಲ್ಲ ಎನ್ನುವುದೂ ಗೊಂದಲವಾಗಿ, ನಾನೂ ಯೋಗೀಶನೂ ಒಬ್ಬರ ಮೇಲೊಬ್ಬರು ರೇಗಿಕೊಂಡೆವು.

ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಯಾಕಮ್ಮ ಅವರ ಜೀವ ತಿಂತೀರಿ? ಮಾತು ಸರಿಯಾಗೇ ಬತ್ತಾ ಐತಲ್ಲ" ಎಂದರು.

"ಎಲ್ಲಿ ಸರಿಯಾಗಿ ಬರ್ತಿದೆ ಅತ್ತೆ? ಗರಗರ ಅಂತಿದೆ!"

"ನಂಗೆ ಚೆನ್ನಾಗೇ ಕೇಳಿಸ್ತಾ ಐತೆ. ನಿಮ್ದೇ ಏನೋ ಆಗಿರೋದು. ಬೆಳಗಿಂದ ನೋಡ್ತಾ ಇವ್ನಿ, ನೀನೂ ಯೋಗೀಶನೂ ನಿಮ್ಮಾವನ ಥರಾನೇ ಎಳೆದೆಳೆದು ಮಾತಾಡ್ತಾ ಇದೀರ. ಅಣಕಿಸ್ತೀರಾ?"

ನನಗೆ ಪಿತ್ತ ನೆತ್ತಿಗೇರಿತು. ಎಡವಟ್ಟು ಮಾಡಿದ್ದು ಇವರು, ಅದನ್ನು ಮುಚ್ಚಿಕೊಳ್ಳಲು ನಮ್ಮನ್ನೇ ಅನ್ನುವುದೇ? "ಪೂಜೆ ಮಾಡೋಕೆ ಮುಂಚೆ ಒಂದು ಮಾತು ನನ್ನ ಕೇಳಿದ್ರೆ ಇದೆಲ್ಲ ಆಗ್ತಿತ್ತಾ?" ಎಂದು ಜೋರಾಗಿಯೇ ಅಂದುಬಿಟ್ಟೆ. ಅತ್ತೆ ಮುಖ ಸಣ್ಣದು ಮಾಡಿಕೊಂಡು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮಾವ ಎದ್ದುಹೋಗಿ, ತೆಗೆದಿಟ್ಟ ಪಂಚೆಯನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರು. ಮೂರು ದಿನ ಅವರು ನಮ್ಮೊಡನೆ ಮಾತಾಡಲೇ ಇಲ್ಲ. ಕೇಳಿದ್ದಕ್ಕೆಲ್ಲ ಕೈಸನ್ನೆ. ಅತ್ತೆಯ ಜೊತೆ ಹಿತ್ತಲಲ್ಲಿ ಏನೋ ಗರಗರ ಅನ್ನುತ್ತಿದ್ದರು, ಅತ್ತೆ ನಗುತ್ತಿದ್ದರು. ಇದೊಂದು ನನಗೆ ಅರ್ಥವೇ ಆಗಲಿಲ್ಲ.

ಅರ್ಥವಾದದ್ದು ಲ್ಯಾಬಿನಲ್ಲಿ. ಇನಾಯತುಲ್ಲಾ ಸಾರ್ ಒಂದು ದೂರು ಓದುತ್ತಾ, "ಇದು ನೋಡಿ, ಶಿರಾದ ಒಬ್ಬ ತಾತ. ಹಬ್ಬದಿಂದೀಚೆಗೆ ಹೆಂಡತಿ ಏನು ಮಾತಾಡಿದ್ರೂ ಮಿಕ್ಸಿ ತಿರುಗಿದ ಹಾಗೆ ಕೇಳಿಸುತ್ತಂತೆ. ಮೊದಲಿಂದಲೂ ಹಾಗೇನಾ ಅಂತ ಕೇಳಿದೆ" ಎಂದು ನಕ್ಕರು.

"ಹೇಗೆ ಸಾರ್ ಹಾಗೆ ಕೇಳಿಸುತ್ತೆ?"

"ಕಿವಿ ಯಂತ್ರ ರೀ. ಅದರಲ್ಲೂ ನಮ್ಮ ಸೆಲ್ಲೇ ಅಲ್ವಾ? ಅದಕ್ಕೆ ಬ್ಯಾಟರಿ ಮಿಕ್ಸಿಯ ಸೆಲ್ಲು ಸೇರಿಕೊಂಡಿದೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅತ್ತೆಗೂ ಕಿವಿ ಯಂತ್ರವಿದೆ. ಅದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರ ಕಿವಿಯಲ್ಲೇ ಇರುವುದರಿಂದ ಅದೂ ಒಂದು ಸಾಮಾನು ಎಂದು ನನಗೆ ಹೊಳೆದೇ ಇರಲಿಲ್ಲ. ಮಂಗಳಾರತಿಯ ಹೊತ್ತಿಗೆ ಅದರ ಸೆಲ್ಲೂ ತಟ್ಟೆ ಸೇರಿರಬೇಕು. ಸದ್ದು ಬಿದ್ದಂತೆ ಕಿವಿ ಯಂತ್ರ ಕರೆಂಟು ಎಳೆಯುತ್ತದೆ. ಅದರೊಳಗೆ ಮಾವನ ಸೆಲ್ಲು ಇದ್ದರೆ, ಮಾತು ಬಿದ್ದ ಕಡೆಯೆಲ್ಲ ಅದು ತನಗೆ ಗೊತ್ತಿರುವ ಏರು ಇಳಿತವನ್ನೇ ತುಂಬುತ್ತದೆ. ಅತ್ತೆ ಸುಳ್ಳು ಹೇಳಿರಲಿಲ್ಲ. ಅವರ ಕಿವಿಯಲ್ಲಿ ಎಲ್ಲರೂ ಮಾವನ ಹಾಗೆಯೇ ಮಾತಾಡುತ್ತಿದ್ದೆವು, ಮಾವನೂ ಸೇರಿ. ಅರ್ಧ ದಿನ ರಜೆ ಹೇಳಿ ಸ್ಕೂಟರು ಹತ್ತಿದೆ.

ಮನೆಗೆ ಬಂದು ಅತ್ತೆಯನ್ನು ಕೂರಿಸಿ, ಕಿವಿ ಯಂತ್ರ ಬಿಚ್ಚಿ, ಒಳಗಿನ ಸೆಲ್ಲನ್ನು ಮಾವನ ಯಂತ್ರಕ್ಕೆ ಹಾಕಿದೆ. ಮಾವನದರಲ್ಲಿದ್ದದ್ದನ್ನು ಅತ್ತೆಯ ಯಂತ್ರಕ್ಕೆ ಹಾಕಿಕೊಟ್ಟೆ. ಮಾವ ನಂಬಿಕೆಯಿಲ್ಲದೆ ಗಂಟಲಿಗೆ ಒತ್ತಿಕೊಂಡರು.

"ಕೊರಟಗೆರೆ, ಮಧುಗಿರಿ, ಪಾವಗ್ಡಾ! ಯಾರ್ರೀ ಅದು ಫುಟ್‌ಬೋರ್ಡ್ ಮೇಲೆ, ಒಳಗ್ ಬರ್ರೀ! ರೈಟ್!"

ಯೋಗೀಶ ಎಲ್ಲಿದ್ದನೋ ಓಡಿ ಬಂದ. ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಮಾವ ಎದ್ದು ನಿಂತು ಇನ್ನೊಂದು ಸಲ ಕೂಗಿದರು. "ನಾಳೆನೇ ಡಿಪೋಗೆ ಹೋಗಾಣ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಹೆಂಗೈತೆ ಸಿದ್ದಗಂಗಾ?" ಎಂದರು.

"ಹ್ಞೂಂ, ಹ್ಞೂಂ" ಎಂದರು ಅತ್ತೆ, ನಗುಮುಖದಿಂದ ತಲೆಯಾಡಿಸುತ್ತಾ.

ಆ ನಗು ಯಾಕೋ ಅರೆಗಳಿಗೆ ತಡವಾಗಿ ಬಂತು. ಮಾವನಿಗೂ ಹಾಗನ್ನಿಸಿರಬೇಕು. ಕಂಡಕ್ಟರ್ ಆಗಿದ್ದವರು, ಟಿಕೆಟ್ ತೆಗೆದುಕೊಂಡವರು ಯಾರು, ತೆಗೆದುಕೊಂಡವರಂತೆ ಕೂತವರು ಯಾರು ಎಂದು ಮುಖ ನೋಡಿಯೇ ಹೇಳುವವರು. ಅವರು ತುಟಿಯನ್ನು ಕೈಯಿಂದ ಮರೆಮಾಡಿಕೊಂಡು, ಅದೇ ಶಾಂತ ದನಿಯಲ್ಲಿ, "ಸಿದ್ದಗಂಗಾ, ಅಡಿಗೆಮನೆಗೆ ಬೆಂಕಿ ಬಿದ್ದೈತೆ" ಎಂದರು.

"ಹ್ಞೂಂ, ಚೆನ್ನಾಗೈತೆ" ಎಂದರು ಅತ್ತೆ.

ನಾನು ಮೆಲ್ಲಗೆ, "ಅತ್ತೆ, ನಾನು ಹೇಳೋದು ಕೇಳಿಸ್ತಿದೆಯಾ?" ಎಂದೆ. ಕೇಳಿಸುತ್ತದೆ ಎಂದರು. "ಮಾವ ಹೇಳಿದ್ದು?" ಎಂದಾಗ ಸೆರಗಿನ ತುದಿ ಹಿಡಿದುಕೊಂಡು ತಲೆ ತಗ್ಗಿಸಿದರು.

ಕಿವಿ ಯಂತ್ರದ ಕೆಲಸವೇ ಅದು. ಮಿಕ್ಸಿ, ಫ್ಯಾನು, ಮೋಟಾರು, ಝೀ ಎನ್ನುವ ಸದ್ದೆಲ್ಲ ಗಲಾಟೆ ಎಂದು ಅಳಿಸಿ, ಮನುಷ್ಯರ ದನಿಯನ್ನಷ್ಟೇ ಒಳಗೆ ಬಿಡುತ್ತದೆ. ಮಾವನ ಯಂತ್ರದ ದನಿ ನಮಗೆ ಎಷ್ಟೇ ಅವರದೇ ಅನ್ನಿಸಿದರೂ ಅದರ ಬುಡದಲ್ಲಿರುವುದು ಝೀ. ಮಾವ ಬಾಯಿ ತೆರೆದಾಗಲೆಲ್ಲ ಅತ್ತೆಯ ಕಿವಿಯಲ್ಲಿ ಅದು ಅಳಿಸಿಹೋಗುತ್ತಿತ್ತು. ಆಪರೇಷನ್ ಆದಾಗಿನಿಂದ, ಈ ಹಬ್ಬದವರೆಗೆ, ಅವರಿಗೆ ಗಂಡನ ಒಂದು ಮಾತೂ ಕೇಳಿಸಿರಲಿಲ್ಲ. ಮಾವನ ಸೆಲ್ಲು ಕಿವಿಗೆ ಬಿದ್ದ ಮೇಲಷ್ಟೇ, ಆ ಅಳಿಸುವಿಕೆಯನ್ನು ಮೀರಿ, ಗೊತ್ತಿದ್ದ ಜಾಗದಲ್ಲಿ ಗೊತ್ತಿದ್ದ ಒತ್ತು ಬಿದ್ದು, ಮಾತು ಒಳಗೆ ಹೋಗಿದ್ದು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ? ನಾನು ಇದೇ ಕೆಲಸ ಮಾಡೋಳು. ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಮ್ಮ? ಅವ್ರು ಒಂದ್ ಮಾತಾಡಕ್ಕೆ ಎಷ್ಟು ಒದ್ದಾಡ್ತಿದ್ರು. ಕೇಳಿಸ್ತಿಲ್ಲ ಅಂತ ಹೆಂಗ್ ಹೇಳಾದು? ತುಟಿ ನೋಡ್ಕಂಡು, ಕಾಫಿ ಹೊತ್ತಿಗೆ ಕಾಫಿ, ಊಟದ ಹೊತ್ತಿಗೆ ಊಟ ಅಂತ ಹೆಂಗೋ ನಡೀತಿತ್ತು." ಅವರು ಕಣ್ಣೊರೆಸಿಕೊಂಡರು. "ಹಬ್ಬದ ಮಾರ್ನೆ ದಿನ ಕಾಫಿ ಕೊಡೇ ಅಂದ್ರಲ್ಲ, ಅಡಿಗೆಮನೇಲಿ ನಿಂತಿದ್ರೂ ಕೇಳಿಸ್ತು. ದೇವ್ರು ಪೂಜೆಗೆ ಒಲಿದ ಅಂದ್ಕಂಡೆ."

ಇರುವುದು ಒಂದೇ ಸೆಲ್ಲು. ಮಾವನ ಗಂಟಲಿನಲ್ಲಿದ್ದರೆ ಪಾವಗಡ ಲೈನಿಗೆಲ್ಲ ಹೊನ್ನಗಂಗಯ್ಯನ ದನಿ ಕೇಳಿಸುತ್ತದೆ, ಹೆಂಡತಿಗೆ ಕೇಳಿಸುವುದಿಲ್ಲ. ಅತ್ತೆಯ ಕಿವಿಯಲ್ಲಿದ್ದರೆ ಅವರೊಬ್ಬರಿಗೆ ಕೇಳಿಸುತ್ತದೆ, ನಮಗೆಲ್ಲ ಗರಗರ. ಯೋಗೀಶ, "ಡಿಪೋ ರೆಕಾರ್ಡಿಂಗ್ ಆಗೋವರೆಗೆ ಅಪ್ಪನ ಹತ್ರ ಇರಲಿ, ಆಮೇಲೆ ಅಮ್ಮಂಗೆ ಹಾಕಿದ್ರಾಯ್ತು" ಎಂದ. ಆಗುವುದಿಲ್ಲ. ಮೂರು ದಿನಕ್ಕೇ ಅದು ಒಂದಷ್ಟು ಮರೆತಿತ್ತು, ಮಾವನ ಕೂಗಿನ ಕೊನೆಯಲ್ಲಿ ಸಣ್ಣ ತೊದಲು ನಾನು ಗುರುತಿಸಿದ್ದೆ. ಇನ್ನು ಅದನ್ನು ಒಂದೇ ಒಂದು ಸಲ ಜಾಗ ಬದಲಾಯಿಸಬಹುದು, ಅದೂ ಈಗಲೇ, ಗಂಟಲಿಗೆ ಅದು ಮತ್ತೆ ಒಗ್ಗಿಕೊಳ್ಳುವ ಮೊದಲು. ಆಮೇಲೆ ಎಲ್ಲಿರುತ್ತದೋ ಅಲ್ಲೇ. ಇದನ್ನೆಲ್ಲ ಹೇಳಿ ನಾನು ಮಾವನ ಮುಖ ನೋಡಿದೆ. ಲ್ಯಾಬಿನಲ್ಲಾದರೆ ಕೋಷ್ಟಕ ಹಾಕಿ ತೀರ್ಮಾನ ಹೇಳುತ್ತಿದ್ದೆ.

ಅತ್ತೆ ಗಟ್ಟಿಯಾಗಿ, "ಅವ್ರಿಗೇ ಇರ್ಲಿ. ಬಸ್ಸಲ್ಲೆಲ್ಲ ಅವ್ರ ದನಿ ಬರ್ಬೇಕು. ನಂಗೇನು, ಹೆಂಗೋ ಆಗ್ತದೆ" ಎಂದರು.

ಮಾವ ಯಂತ್ರವನ್ನು ಗಂಟಲಿನಿಂದ ಇಳಿಸಿ ಬಿಚ್ಚಿದರು. ನಡುಗುವ ಬೆರಳಿನಿಂದ ಸೆಲ್ಲು ತೆಗೆಯಲು ಒದ್ದಾಡಿದರು, ನಾನು ಕೈ ಚಾಚಿದರೂ ಕೊಡಲಿಲ್ಲ. ಅತ್ತೆಯ ಅಂಗೈ ಬಿಡಿಸಿ ಅದರಲ್ಲಿಟ್ಟು, ಪ್ರಯಾಣಿಕರಿಗೆ ಚಿಲ್ಲರೆ ಕೊಡುವ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಿಚಿದರು. ಅತ್ತೆ ಬೇಡ ಬೇಡ ಎಂದು ತಲೆಯಾಡಿಸಿದರು. ಮಾವ ಟೇಬಲ್ಲಿನ ಮೇಲೆ ಎರಡು ಸಲ ತಟ್ಟಿದರು. ಕಂಡಕ್ಟರ್ ಹಾಗೆ ತಟ್ಟಿದರೆ ಡ್ರೈವರ್ ಗಾಡಿ ಬಿಡಲೇಬೇಕು, ಅದರ ಮೇಲೆ ಮಾತಿಲ್ಲ.

ಡಿಪೋಗೆ ನಾನೇ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದೆ. ಇನಾಯತುಲ್ಲಾ ಸಾರ್ ಇದನ್ನೆಲ್ಲ ಕೇಳಿ, ಇನ್ನೂ ಕೆಲವು ಮನೆಗಳಲ್ಲಿ ಹೀಗಾಗಿರಬಹುದು ಪ್ರಕಟಣೆಯನ್ನು ತಿದ್ದಬೇಕು ಎಂದರು. ಹೇಗೆ ತಿದ್ದಬೇಕು ಎನ್ನುವುದು ಮಾತ್ರ ನಮ್ಮಿಬ್ಬರಿಗೂ ಇವತ್ತಿನವರೆಗೆ ಸರಿಯಾಗಿ ಬಗೆಹರಿದಿಲ್ಲ. ಮಾವನಿಗೆ ನಾನು ಒಂದು ಎಚ್ಚರಿಕೆ ಹೇಳಿದ್ದೇನೆ. ಬೇರೆಯವರ ಮಾತೇ ಹೆಚ್ಚು ಬಿದ್ದರೆ ಆ ಸೆಲ್ಲು ನಿಮ್ಮನ್ನು ಮರೆಯುತ್ತದೆ, ಅದು ಉಳಿಯಬೇಕಾದರೆ ನೀವು ಅತ್ತೆಯ ಜೊತೆ ದಿನವೂ ಮಾತಾಡುತ್ತಲೇ ಇರಬೇಕು ಎಂದು.

ಅವರು ಅದನ್ನು ಡ್ಯೂಟಿಯ ಹಾಗೆ ತೆಗೆದುಕೊಂಡಿದ್ದಾರೆ. ಅತ್ತೆ ಹಿತ್ತಲಿಗೆ ಹೋದರೆ ಹಿತ್ತಲಿಗೆ, ನಲ್ಲಿಯ ಹತ್ತಿರ ಹೋದರೆ ಅಲ್ಲಿಗೆ ಹಿಂದೆ ಹಿಂದೆಯೇ ಗಂಟಲಿಗೆ ಯಂತ್ರ ಒತ್ತಿಕೊಂಡು ಗರಗರ ಎನ್ನುತ್ತಾ ಹೋಗುತ್ತಾರೆ. ನಮಗೆ ಒಂದಕ್ಷರವೂ ತಿಳಿಯುವುದಿಲ್ಲ. ನಿನ್ನೆ ಸಂಜೆ ನಾನು ಚಕ್ಕುಲಿ ಒತ್ತುತ್ತಿದ್ದೆ, ಅತ್ತೆ ಒಲೆಯ ಮುಂದಿದ್ದರು. ಮಾವ ಬಾಗಿಲಿಗೆ ಒರಗಿ ನಿಂತು ಅತ್ತೆಯ ಕಡೆ ಏನೋ ಉದ್ದಕ್ಕೆ ಗುರುಗುಟ್ಟಿದರು. ಅತ್ತೆಯ ಮುಖ ಕೆಂಪಾಯಿತು. ಜಾಲರಿ ಎತ್ತಿಕೊಂಡು, "ಥೂ, ಅತ್ಲಾಗೋಗ್ರೀ, ಸೊಸೆ ಕೂತವ್ಳೆ!" ಎಂದರು.